ನೀಲ್ ಬೇಡ ಅಂದವಳು

21 ನವೆಂಬರ್ 2025, ಶುಕ್ರವಾರ. ಬೆಳಿಗ್ಗೆ 9.30

ಹಾಲಿನ ಡೈರಿ ಕೆಲಸ ಮುಗಿಸಿ ಈಗ ಬಂದೆ. ಚಿಕ್ಕಯ್ಯನ ಹಾಲಿಗೆ ಇವತ್ತೂ ನೀರು. ಕೇಳಿದರೆ, "ಹಸ ಜಾಸ್ತಿ ನೀರ್ ಕುಡ್ದದೆ ಕಣಮ್ಮ" ಅಂತಾನೆ! ಮೆಷಿನ್‌ಗೆ ಸುಳ್ಳು ಹೇಳೋಕೆ ಬರಲ್ಲ ಚಿಕ್ಕಯ್ಯ ಅಂದೆ. ಹಲ್ಲು ಕಿರಿದ.

ಮನೆಯಲ್ಲಿ ಟೂರ್ ಗಲಾಟೆ. ಅಂಜುವಿನ ಸೆಮಿಸ್ಟರ್ ಮುಗಿಯುತ್ತೆ, ಜನವರಿಯಲ್ಲಿ ನಾಲ್ಕೂ ಜನ ಯಾವುದಾದರೂ ದ್ವೀಪಕ್ಕೆ ಹೋಗಲೇಬೇಕಂತೆ. ಇವರು ಶರ್ಟಿನ ಗುಂಡಿ ಹಾಕುತ್ತಾ, "ನಮ್ ಪಟ್ಟಣನೂ ಹೊಳೆ ಮಧ್ಯದ್ ದ್ವೀಪನೇ ಕಣವ್ವ, ಸೈಕಲ್ ತಗಂಡು ಒಂದ್ ಸುತ್ ಹಾಕ್ಕಂಡ್ ಬಾ" ಅಂದರು. ಮಗಳು ಮುಖ ಊದಿಸಿಕೊಂಡಳು. ಲಕ್ಷದ್ವೀಪ, ಅದು ಇದು ಅಂತ ಪಟ್ಟಿ ಹೇಳುತ್ತಿದ್ದಳು.

ಅತ್ತೆ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ ಹೇಳಿದರು, "ಅಂಡಮಾನ್ ಅಂತ ಒಂದದಂತಲ್ಲ. ಅಲ್ಲಿಗೋಗಣ."

ಧರ್ಮಸ್ಥಳ ದಾಟಿ ಹೋಗದ ಹೆಂಗಸು. ಎಪ್ಪತ್ನಾಲ್ಕು ವಯಸ್ಸು. ಅಂಜು ಕುಣಿದಾಡಿದಳು. ಇವರು ಬೈಕ್ ಹತ್ತಿ ಕೆ.ಆರ್.ಎಸ್.ಗೆ ಡ್ಯೂಟಿಗೆ ಹೋದರು.

ಅತ್ತೆಗೆ ಆ ಹೆಸರು ಹೇಳಿದವರು ಯಾರು?

23 ನವೆಂಬರ್, ಭಾನುವಾರ

ಉಳಿಯೋ ಜಾಗ ಹುಡುಕೋ ಕೆಲಸ ನನ್ನ ತಲೆಗೆ ಬಂತು. ಡೈರಿ ಲೆಕ್ಕ ಬರೆಯೋಳು, ಕಂಪ್ಯೂಟರ್ ಬರುತ್ತೆ ಅಂತ. ಒಂದು ರಾತ್ರಿ ಪೋರ್ಟ್ ಬ್ಲೇರ್, ಆಮೇಲೆ ಹ್ಯಾವ್ಲಾಕ್ ಅಥವಾ ನೀಲ್ ದ್ವೀಪ. ಅಂಜುಗೆ ನೀಲ್ ಇಷ್ಟ. ಚಿಕ್ಕದು, ಸೈಕಲ್ಲಲ್ಲಿ ಸುತ್ತಬಹುದಂತೆ.

ನೀಲ್ ಬೇಡ ಅಂದೆ. ಅಲ್ಲಿ ಕರೆಂಟೇ ಇರಲ್ಲವಂತೆ ಅಂದೆ. ಯಾರು ಹೇಳಿದ್ದು ಅಂದಳು. ದನದ ಡಾಕ್ಟರು ಅಂದೆ. ಪಾಪ, ಆ ಮನುಷ್ಯ ನಾಗಮಂಗಲ ದಾಟಿ ಹೋಗಿದ್ದಾರೋ ಇಲ್ಲವೋ.

24 ನವೆಂಬರ್. ಮಧ್ಯಾಹ್ನ

ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ.

ಯಶೋಧ. ಇವರ ಒಬ್ಬಳೇ ತಂಗಿ. 2007ರಲ್ಲಿ, ಅಂಜು ಇನ್ನೂ ಅಂಬೆಗಾಲಿಡುತ್ತಿದ್ದಾಗ, ಪಾಂಡವಪುರದ ಫ್ಯಾಕ್ಟರಿಯಲ್ಲಿದ್ದ ಆಂಧ್ರದ ವೆಲ್ಡರ್‌ನ ಜೊತೆ ಹೊರಟುಹೋದಳು. ಮಾವ ಹಜಾರದಲ್ಲಿ ನಿಂತು, "ಇವತ್ತಿಂದ ಅವಳ್ ಹೆಸ್ರ ಈ ಮನೇಲಿ ಯಾರೂ ಎತ್ತಕೂಡದು" ಅಂದರು. ಯಾರೂ ಎತ್ತಲಿಲ್ಲ. ಅತ್ತೆ ಮಾತ್ರ ಪ್ರತಿ ಗೌರಿ ಹಬ್ಬದ ದಿನ ಹಿತ್ತಲಿಗೆ ಹೋಗಿ ಅತ್ತು ಬರುತ್ತಿದ್ದರು.

2013. ಗೌರಿ ಹಬ್ಬದ ಮಾರನೆಯ ದಿನ. ಫೋನ್ ಎತ್ತಿದವಳು ನಾನು.

"ಅತ್ಗೆ, ನಾನು ಯಶೋಧ. ಅಂಡಮಾನಲ್ಲಿದ್ದೀನಿ, ನೀಲ್ ಅಂತ ಒಂದು ದ್ವೀಪ. ಅವ್ವಂಗೆ ಒಂದ್ ನಿಮ್ಸ ಕೊಡಿ."

ಅತ್ತೆ ಹಿತ್ತಲಲ್ಲೇ ಪಾತ್ರೆ ಉಜ್ಜುತ್ತಿದ್ದರು. ಹತ್ತು ಹೆಜ್ಜೆ. ನಾನು ಹೇಳಿದೆ, "ನಿನ್ ಹೆಸ್ರು ಎತ್ತಿದ್ರೆ ಅತ್ತೆ ತಟ್ಟೆ ಬುಟ್ಟು ಎದ್ದೋಯ್ತಾರೆ. ಇನ್ ಫೋನ್ ಮಾಡ್ಬೇಡ."

"ಊ ಅತ್ಗೆ" ಅಂದಳು. ಇಟ್ಟಳು.

ಮಾವನಿಗೆ ಹೆದರಿ ಅಂದೆ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮಾವ ಮಾರನೇ ವರ್ಷವೇ ತೀರಿಕೊಂಡರಲ್ಲ, ಆಗ ಯಾಕೆ ಹೇಳಲಿಲ್ಲ? ನಿಜ ಬರೀತೀನಿ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಯಶೋಧ ಮಾಡೋ ಸಾರು, ಯಶೋಧ ಹಾಕೋ ರಂಗೋಲಿ ಅಂತ ಅವಳದ್ದೇ ಹೊಗಳಿಕೆ. ಅವಳು ಹೋದ ಮೇಲೆ ಅತ್ತೆ ಮೊದಲ ಸಲ ನನ್ನ ತಲೆಗೆ ಎಣ್ಣೆ ಹಚ್ಚಿದರು. "ಮಗ" ಅಂದರು. ಅದನ್ನು ಹಂಚಿಕೊಳ್ಳೋಕೆ ನನಗೆ ಇಷ್ಟವಿರಲಿಲ್ಲ. ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ.

ಈಗ ಹೇಳಿದರೆ... ಇಷ್ಟು ವರ್ಷ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಅಂತಾರೆ. ಏನನ್ನಲಿ.

2 ಡಿಸೆಂಬರ್, ಮಂಗಳವಾರ

ಅಂಜು ಕಾಲೇಜಿಂದ ಓಡಿ ಬಂದಳು. "ಅಮ್ಮಾ, ನೀಲಲ್ಲಿ ಒಂದು ಹೋಂ ಸ್ಟೇ ಇದೆ, ಮುದ್ದೆ ಹಾಕ್ತಾರಂತೆ! ಅಜ್ಜಿಗೆ ಊಟದ್ ಚಿಂತೆನೇ ಇಲ್ಲ."

ಫೋನಲ್ಲಿ ಫೋಟೊ. ಎರಡು ರೂಮಿನ ಮನೆ, ತೆಂಗಿನ ಮರ. ಇನ್ನೊಂದರಲ್ಲಿ ಸ್ಟೀಲ್ ತಟ್ಟೆ, ಸೊಪ್ಪಿನ ಸಾರು, ಮುದ್ದೆ. ಮುದ್ದೆಯ ನೆತ್ತಿಯಲ್ಲಿ ಹೆಬ್ಬೆರಳು ಒತ್ತಿದ ಗುಳಿ, ಗುಳಿಯಲ್ಲಿ ತುಪ್ಪ.

ಹಾಗೆ ಗುಳಿ ಒತ್ತೋದು ನಮ್ಮ ಮನೆಯಲ್ಲಿ ಮಾತ್ರ. ನನ್ನ ತವರಲ್ಲಿ ಇಲ್ಲ, ನಮ್ಮೂರು ಕಿರಂಗೂರಿನ ಬೇರೆ ಯಾವ ಮನೆಯಲ್ಲೂ ನೋಡಿಲ್ಲ. ಅತ್ತೆ ಅವರಮ್ಮನಿಂದ ಕಲಿತದ್ದು. ನನಗೆ ಇಪ್ಪತ್ತೊಂದು ವರ್ಷವಾದರೂ ಸರಿಯಾಗಿ ಬಂದಿಲ್ಲ, ಮುದ್ದೆ ಬಿರುಕು ಬಿಡುತ್ತೆ.

ಅತ್ತೆ ಕನ್ನಡಕ ತರಿಸಿಕೊಂಡರು. "ದೊಡ್ದು ಮಾಡು" ಅಂದರು. ಅಂಜು ಎರಡು ಬೆರಳಲ್ಲಿ ಎಳೆದಳು. ತುಂಬಾ ಹೊತ್ತು ನೋಡಿದರು. ಬೆರಳ ತುದಿಯಿಂದ ಆ ಗುಳಿ ಮುಟ್ಟಿದರು, ಫೋಟೊ ಸರಿದುಹೋಯಿತು.

"ಇಲ್ಲೇ ಉಳ್ಕಳಣ" ಅಂದರು. ಅಷ್ಟೇ.

5 ಡಿಸೆಂಬರ್

ಹ್ಯಾವ್ಲಾಕ್‌ನಲ್ಲಿ ಬುಕ್ ಮಾಡಿಬಿಟ್ಟೆ. ಸಮುದ್ರದ ಎದುರಿನ ರೂಮು, ಬೆಳಿಗ್ಗೆ ಇಡ್ಲಿ. ನೀಲ್‌ನಲ್ಲಿ ರೂಮು ಫುಲ್ ಅಂತ ಎಲ್ಲರಿಗೂ ಹೇಳಿದೆ. ಫೋನೇ ಮಾಡಿಲ್ಲ ನಾನು.

ಅಂಜು ಬೇಜಾರು ಮಾಡಿಕೊಂಡಳು. ಅತ್ತೆ "ಫುಲ್ಲಾ?" ಅಂದರು. "ಊ ಅತ್ತೆ" ಅಂದೆ. ಕನ್ನಡಕ ಮಡಚಿ ಡಬ್ಬಿಗೆ ಹಾಕಿ ಎದ್ದು ಹೋದರು. ಚಿಕ್ಕಯ್ಯನೇ ವಾಸಿ. ಅವನು ಹಾಲಿಗೆ ಮಾತ್ರ ನೀರು ಬೆರೆಸುತ್ತಾನೆ.

4 ಜನವರಿ 2026, ಭಾನುವಾರ. ಬೆಳಿಗ್ಗೆ 11

ಒಂದು ತಿಂಗಳು ಏನೂ ಬರೆಯಲಿಲ್ಲ. ಬರೆಯೋಕೆ ಮುಖ ಇರಲಿಲ್ಲ.

ಗುರುವಾರ ಹೊರಡೋದು. ವಿಮಾನದಲ್ಲಿ ತಲೆಗೆ ಹದಿನೈದೇ ಕಿಲೊ. ಅತ್ತೆಯ ಚೀಲ ಎತ್ತೋಕಾಗಲಿಲ್ಲ. ಡೈರಿಯ ಹಿಂಡಿ ತೂಗೋ ಸ್ಕೇಲ್ ಮೇಲೆ ಇಟ್ಟೆ, ಹತ್ತೊಂಬತ್ತು. ಬಿಚ್ಚಿದೆ. ಸೀರೆ ಎರಡೇ. ಉಳಿದದ್ದು ಅಕ್ಕಿ, ಕೊಬ್ಬರಿ, ಅಚ್ಚುಬೆಲ್ಲ, ಅರಿಶಿನದ ಕೊಂಬು. ಒಂದು ಹಳೇ ಟವಲ್ಲಿನ ಗಂಟು. ಅದರಲ್ಲಿ ರವಿಕೆ ಕಣಗಳು. ಹಳೆಯವು ಮಡಿಕೆಯಲ್ಲೇ ಬಣ್ಣ ಹೋಗಿವೆ. ಎಣಿಸಿದೆ. ಹದಿನೆಂಟು.

ಗೌರಿ ಹಬ್ಬಕ್ಕೆ ತವರಿನಿಂದ ಮಗಳಿಗೆ ಹೋಗಬೇಕಾದ್ದು. ವರ್ಷಕ್ಕೊಂದು. ರಾಗಿ ಡ್ರಮ್ಮಿನ ಒಳಗೆ ಇಟ್ಟಿದ್ದರಂತೆ. ದಿನಾ ಆ ಡ್ರಮ್ಮಿಂದ ರಾಗಿ ತೆಗೆಯೋಳು ನಾನು. ತಳಕ್ಕೆ ಕೈ ಹಾಕಿರಲೇ ಇಲ್ಲ.

"ಯಾರಿಗೆ ಅತ್ತೆ ಮಡಿಲಕ್ಕಿ?" ಅಂದೆ. ಗೊತ್ತಿದ್ದೂ ಕೇಳಿದೆ.

"ದೇವಯ್ಯ ಇಲ್ವಾ, ಫ್ಯಾಕ್ಟ್ರಿಲಿ ಆ ವೆಲ್ಡರ್ ಜೊತೆ ಕೆಲ್ಸ ಮಾಡ್ತಿದ್ನಲ್ಲ. ದೀಪಾವಳಿ ದಿಸ ದೇವಸ್ಥಾನದ ತಾವ್ ಸಿಕ್ದ. ಅಂಡಮಾನಲ್ಲವ್ರೆ ಅಂದ. ಆ ಮುದ್ದೆ ನನ್ ಮಗಳ್ದು ಕಣ್ ಪ್ರಮೀಳಾ. ನಂಟ್ರು ಮನೆ ಇಟ್ಕಂಡು ಯಾರಾರ ಲಾಡ್ಜಲ್ ಮಲಗ್ತಾರಾ? ನೀನ್ ರೂಮಿಲ್ಲ ಅಂದೆ. ಇಲ್ದಿದ್ರೆ ಬುಡು. ಬಾಗ್ಲಲ್ಲೇ ನಿಂತ್ಕಂಡು ಮಡ್ಲು ತುಂಬ್ಬುಟ್ಟು ಬತ್ತೀನಿ. ಒಳಿಕ್ ಕರೀದಿದ್ರೂ ಚಿಂತಿಲ್ಲ."

ಸೀರೆ ಎರಡನ್ನೂ ಹೊರಗೆ ತೆಗೆದರು. "ಇವ್ ಬ್ಯಾಡ. ಈಗ್ ತೂಗು."

ನಾನು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತುಬಿಟ್ಟೆ.

5 ಜನವರಿ, ಸೋಮವಾರ. ಬೆಳಿಗ್ಗೆ 10

ಹ್ಯಾವ್ಲಾಕ್ ಕ್ಯಾನ್ಸಲ್.

ಹೋಂ ಸ್ಟೇ ನಂಬರ್ ಬರೆದುಕೊಂಡೆ. ಟ್ರಂಕಿನಿಂದ 2013ರ ಡೈರಿ ತೆಗೆದೆ. ಅವತ್ತು ಫೋನಿನ ಪಕ್ಕದ ಕಾಲರ್ ಐಡಿ ಡಬ್ಬಿಯಲ್ಲಿ ಮೂಡಿದ್ದ ನಂಬರನ್ನು ಕೊನೇ ಪುಟದಲ್ಲಿ ಗೀಚಿಟ್ಟಿದ್ದೆ. ಎರಡನ್ನೂ ಪಕ್ಕ ಇಟ್ಟು ನೋಡಿದೆ. ಅದೇ ನಂಬರು. ಹನ್ನೆರಡು ವರ್ಷ ಬದಲಾಯಿಸಿಲ್ಲ ಅವಳು.

ಮಾಡಿದೆ. "ಹಲೋ, ಎರಡು ರೂಮು ಬೇಕಿತ್ತು" ಅಂದೆ. ಹೆಸರು ಹೇಳಲಿಲ್ಲ.

ಆ ಕಡೆ ಯಾರೋ ಪಾತ್ರೆ ಕೆಳಗಿಟ್ಟ ಸದ್ದು. "ಎಷ್ಟ್ ಜನ ಅತ್ಗೆ?"

ನಾಲ್ಕು ಅಂದೆ, ಅತ್ತೆನೂ ಬರ್ತಾರೆ ಅಂದೆ.

"ಅವ್ವ... ನನ್ ಮನೇಲಿ ಉಣ್ತಾಳಾ?"

"ಉಣ್ತಾರೆ" ಅಂದೆ. ಅಷ್ಟೇ ಬಂತು ಬಾಯಿಂದ. ತಪ್ಪಾಯ್ತು ಅನ್ನೋ ಮಾತು ಇಲ್ಲೇ ಎದೆಯಲ್ಲಿ ಉಳಿಯಿತು.

ಅದೇ ದಿನ, ಸಂಜೆ

ಇವರಿಗೆ ಹೇಳಿದೆ, ಉಳಿಯೋದು ಯಶೋಧನ ಮನೆಯಲ್ಲಿ ಅಂತ. ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟರು. "ಬೈದ್ಳಾ?" ಅಂದರು. ಇಲ್ಲ ಅಂದೆ. "ಬೈಬೇಕಾಗಿತ್ತು. ಅಪ್ಪ ಸತ್ತಾಗ್ಲೂ ನಾನ್ ಹುಡುಕ್ನಿಲ್ಲ" ಅಂದು ಹಿತ್ತಲಿಗೆ ಹೋದರು.

2013ರ ಫೋನಿನ ವಿಷಯ ಇವರಿಗೂ ಹೇಳಲಿಲ್ಲ. ಅತ್ತೆಗೂ ಇಲ್ಲ. ಆ ಡೈರಿಯನ್ನು ಮಾತ್ರ ನನ್ನ ಬ್ಯಾಗಿನ ತಳಕ್ಕೆ ಹಾಕಿದ್ದೇನೆ. ಯಾಕೋ.

10 ಜನವರಿ, ಶನಿವಾರ. ನೀಲ್. ಮಧ್ಯಾಹ್ನ 3

ಕರೆಂಟ್ ಇದೆ ಇಲ್ಲಿ. ಫ್ಯಾನ್ ತಿರುಗುತ್ತಿದೆ.

ಹಡಗು ನಿಲ್ಲೋ ಜೆಟ್ಟಿಗೆ ಯಶೋಧನ ಗಂಡ ಬಂದಿದ್ದ. ತಲೆ ನರೆತಿದೆ. ಅತ್ತೆಯ ಚೀಲ ಇಸ್ಕೊಳ್ಳೋಕೆ ಬಂದ, ಅತ್ತೆ ಕೊಡಲಿಲ್ಲ. ಆಟೋದಲ್ಲೂ ತೊಡೆಯ ಮೇಲೆಯೇ.

ಯಶೋಧ ಹೊಸಿಲಲ್ಲಿ ನಿಂತಿದ್ದಳು. ದಪ್ಪಗಾಗಿದ್ದಾಳೆ. ಅತ್ತೆ ಒಳಗೆ ಕಾಲಿಡದೆ, "ಸೆರಗೊಡ್ಡವ್ವ" ಅಂದರು. ಅವಳು ನೈಟಿಯಲ್ಲಿದ್ದಳು, ಸೆರಗೆಲ್ಲಿ? ಓಡಿಹೋಗಿ ಒಂದು ಟವಲ್ ತಂದು ಒಡ್ಡಿದಳು. ಹದಿನೆಂಟು ಕಣ, ಅಕ್ಕಿ, ಬೆಲ್ಲ, ಎಲ್ಲಾ ಅಲ್ಲೇ ಬಾಗಿಲಲ್ಲೇ. ಟವಲ್ ಸಾಲದೆ ಅರ್ಧ ಅಕ್ಕಿ ಹೊಸಿಲ ಮೇಲೆ. ಇವರು ಕೂತು ಒಂದೊಂದೇ ಕಾಳು ಆರಿಸಿದರು. ಆಮೇಲೆ ಅತ್ತೆ ಒಳಗೆ ಬಂದರು.

ಊಟಕ್ಕೆ ಕೂತೆವು. ಮುದ್ದೆ, ನೆತ್ತಿಯಲ್ಲಿ ಗುಳಿ, ತುಪ್ಪ. ಬಿರುಕಿಲ್ಲ.

ಯಶೋಧ ಸಾರು ಬಡಿಸುತ್ತಾ ನಗುನಗುತ್ತಲೇ ಕೇಳಿದಳು, "ಅವ್ವ, ನನ್ ಹೆಸ್ರು ಎತ್ತಿದ್ರೆ ತಟ್ಟೆ ಬುಟ್ಟು ಎದ್ದೋಯ್ತಿದ್ಯಂತೆ? ಅದ್ಕೇನಾ ಇಂಗ್ ಸೊರಗೋಗಿರದು?" ನಗು ಕೊನೆಯವರೆಗೆ ನಿಲ್ಲಲಿಲ್ಲ.

ಅಂಜು ತಲೆ ಎತ್ತಿದಳು. ಇವರು, "ಯಾರ್ ಹೇಳುದ್ರು?" ಅಂದರು. ಯಶೋಧ ಬಾಯಿ ತೆರೆಯುವ ಮೊದಲೇ ಅತ್ತೆ ನನ್ನ ಕಡೆ ನೋಡಿದರು. ಒಂದೇ ಸಲ. ನನ್ನ ಮುಖದಲ್ಲಿ ಏನಿತ್ತೋ, ಎಲ್ಲಾ ಓದಿಕೊಂಡರು.

"ಊ ಕಣವ್ವ" ಅಂದರು ಮಗಳಿಗೆ. "ಎದ್ದೋಯ್ತಿದ್ದೆ. ಬುದ್ಧಿ ಇರ್ನಿಲ್ಲ ನಂಗೆ."

ಆಮೇಲೆ ತಮ್ಮ ತಟ್ಟೆಯ ತುಪ್ಪದ ಗುಳಿ ಮುರಿದು ನನ್ನ ತಟ್ಟೆಗೆ ಇಟ್ಟರು. "ಉಣ್ಣು ಮಗ. ಆರೋಯ್ತದೆ."

ಉಂಡೆ. ಹೇಗೆ ಉಂಡೆನೋ.

ಈಗ ತಾಯಿ ಮಗಳು ತೆಂಗಿನ ಮರದ ಕೆಳಗೆ ಕೂತಿದ್ದಾರೆ. ಕಿಟಕಿಯಿಂದ ಕೇಳಿಸುತ್ತಿದೆ. ಯಶೋಧ ಅಳುತ್ತಿದ್ದಾಳೆ. "ಅಷ್ಟೊಂದ್ ಕೋಪನಾ ಅವ್ವ? ಹನ್ನೆರಡು ವರ್ಷ ಫೋನ್ ಕೈಲಿಟ್ಕಂಡು ಕೂತಿದ್ದೆ. ಅಂತಾದ್ದೇನ್ ಮಾಡಿದ್ದೆ ನಾನು?" ಮತ್ತೆ ಮತ್ತೆ ಅದನ್ನೇ ಕೇಳುತ್ತಿದ್ದಾಳೆ. ಅತ್ತೆ ಅವಳ ಬೆನ್ನು ಸವರುತ್ತಿದ್ದಾರೆ, ಉತ್ತರ ಕೊಡುತ್ತಿಲ್ಲ. ಎಲ್ಲಿಂದ ಕೊಡುತ್ತಾರೆ? ಆ ಉತ್ತರ ನನ್ನ ಹತ್ತಿರ ಇದೆ. ಬ್ಯಾಗಿನ ತಳದಲ್ಲಿ ಇದೆ.

ಹೋಗಿ ಹೇಳಿದರೆ ಅತ್ತೆ ಇನ್ನೊಮ್ಮೆ ನನ್ನನ್ನು ಮಗ ಅನ್ನುತ್ತಾರೋ ಇಲ್ಲವೋ. ಹೋಗದಿದ್ದರೆ ಅವಳು ಸಾಯೋವರೆಗೂ ತನ್ನ ಅವ್ವನನ್ನೇ ದೂರುತ್ತಾ...

ಹಳೇ ಡೈರಿ ತೆಗೆದುಕೊಂಡೆ. ಮೊದಲ ಮಾತು ಹೇಗೆ ಶುರು ಮಾಡಬೇಕು ಅಂತ ಇಲ್ಲಿ ಬರೆದುಕೊಂಡು ಹೋಗುತ್ತೇನೆ, ಇಲ್ಲದಿದ್ದರೆ ಮತ್ತೆ ಸುಳ್ಳೇ ಬರುತ್ತೆ ಬಾಯಿಗೆ —

ಯಶೋಧಾ, ಅವತ್ತು ಅತ್ತೆ ಹಿತ್ತಲಲ್ಲೇ ಇದ್ದರು. ನಾನೇ ಕರೆಯಲಿಲ್ಲ.