ಬೂಟು ಹಾಕಿಕೊಂಡ ಹರಕೆ

ನಾರಾಯಣಪುರ, ತಾ. ಬಸವಕಲ್ಯಾಣ
೧೩ ಅಕ್ಟೋಬರ್ ೨೦೨೫

ಪ್ರೀತಿಯ ಶೀತಲಳಿಗೆ ನಿನ್ನ ಆಯಿಯ ಮುದ್ದು.

ಹೇಗಿದ್ದೀ ನನ್ನವ್ವಾ? ಕೆಮ್ಮು ಹೋಯಿತೇ? ಹೋದ ಸಲ ನಿನ್ನ ಅವ್ವನ ಜೊತೆ ಫೋನಿನಲ್ಲಿ ಮಾತಾಡುವಾಗ ನೀನು ನಡುನಡುವೆ ಗಂಟಲು ಕೆರೆಯುತ್ತಿದ್ದದ್ದು ನನಗೆ ಅಡುಗೆಮನೆಯ ತನಕ ಕೇಳಿತು. ಬೆಟ್ಟದ ಗಾಳಿ ಬೇರೆ, ಅಲ್ಲಿನ ನೀರು ಬೇರೆ. ರಾತ್ರಿ ಮಲಗುವಾಗ ಅರಿಶಿನ ಹಾಕಿದ ಹಾಲು ಕುಡಿ. ಹಾಲು ಸಿಗದಿದ್ದರೆ ಬಿಸಿನೀರಾದರೂ ಕುಡಿ. ಅದೂ ಸಿಗುವುದಿಲ್ಲ ಎಂದು ಮಾತ್ರ ಹೇಳಬೇಡ, ಬಂದವರಿಗೆಲ್ಲ ಚಹಾ ಕಾಯಿಸಿ ಕೊಡುವವಳು ನೀನೇ ಅಲ್ಲವೇ? ಇಲ್ಲಿ ನಾವೆಲ್ಲ ಆರಾಮ. ಈ ಸಲ ಮಳೆ ಬೇಡವೆಂದರೂ ಬಿಡಲಿಲ್ಲ, ಉದ್ದು ಸ್ವಲ್ಪ ಕೆಟ್ಟಿತು, ತೊಗರಿ ಚೆನ್ನಾಗಿ ನಿಂತಿದೆ. ಎಮ್ಮೆ ಕರು ಹಾಕಿದೆ. ಹೆಣ್ಣು ಕರು, ಹಣೆಯ ಮೇಲೆ ಬಿಳಿ ಬೊಟ್ಟು. ನಿನ್ನ ಅವ್ವ ಮೀನಾ ಅದಕ್ಕೆ ನಿನ್ನ ಹೆಸರನ್ನೇ ಇಟ್ಟಿದ್ದಾಳೆ, ಸಿಟ್ಟಾಗಬೇಡ.

ಫೋನು ಇರುವಾಗ ಈ ಮುದುಕಿಗೆ ಕಾಗದ ಯಾಕೆ ಬೇಕಾಯಿತು ಎನ್ನುತ್ತೀಯೇನೋ. ನಮ್ಮ ಮನೆಯ ಫೋನು ನಡುಮನೆಯ ಗೂಟಕ್ಕೆ ತೂಗುಬಿದ್ದಿರುತ್ತದೆ. ಅದು ನಿನಗೂ ಗೊತ್ತು. ನಾನು ಪಿಸುಗುಟ್ಟಿದರೂ ನಿನ್ನಪ್ಪನಿಗೆ ಕೇಳುತ್ತದೆ. ಹೋದ ವರ್ಷದ ಕಾರಹುಣ್ಣಿಮೆಯಿಂದ ಅವನು ನಿನ್ನ ಜೊತೆ ಮಾತು ಬಿಟ್ಟಿದ್ದಾನೆ, ನಿಜ. ಆದರೆ ನಿನ್ನ ಫೋನು ಬಂದ ಕೂಡಲೇ ಮೇವು ಹಾಕುವ ನೆಪದಲ್ಲಿ ಅಂಗಳಕ್ಕೆ ಹೋಗಿ ಕಿಟಕಿಯ ಕೆಳಗೇ ನಿಲ್ಲುತ್ತಾನೆ. ತಿಂದ ಮೇವನ್ನೇ ತಿಂದು ಆ ಎಮ್ಮೆಗೆ ಸಾಕಾಗಿದೆ. ಮುಂದಿನ ಬಾಗಿಲು ಮುಚ್ಚಿ ಹಿಂದಿನ ಬಾಗಿಲಲ್ಲಿ ನಿಲ್ಲುವ ಜಾತಿ ಇದು. ಹಟ ಅವನದು, ಅದೇ ಹಟ ನಿನ್ನದು. ಟೀಚರ್ ಕೆಲಸ ಕೈಗೆ ಬಂದಿದ್ದಾಗ ಅದನ್ನು ಬಿಟ್ಟು ನೀನು ಗುಡ್ಡ ಹತ್ತಿಸುವ ಗೈಡ್ ಆಗುತ್ತೇನೆ ಎಂದೆ. ಅವನು "ಗುಡ್ಡಾ ತಿರಗೋದು ಭೀ ಒಂದ್ ಕೆಲಸೇನು?" ಎಂದ. ಅಷ್ಟಕ್ಕೆ ಒಂದು ವರ್ಷದ ಮೇಲೆ ಮೌನ! ನಡುವೆ ಸಿಕ್ಕು ಒಣಗುವವರು ನಾನು ಮತ್ತು ಮೀನಾ. ಅದಕ್ಕೇ ಈ ವಯಸ್ಸಿನಲ್ಲಿ ನಾನು ಗುಡ್ಡ ಹತ್ತಲು ಹೊರಟದ್ದು. ನೀನು ಮಾಡುವ ಕೆಲಸವನ್ನು ಕಣ್ಣಾರೆ ನೋಡಿ ಬಂದು, ನಿನ್ನಪ್ಪನ ಮುಂದೆ ಕೂತು ಹೇಳಬೇಕು. ಬೇರೆ ಯಾರು ಹೇಳಿದರೂ ಅವನು ಕೇಳುವುದಿಲ್ಲ. ನಾನು ಹೆತ್ತವಳು, ಕೇಳಲೇಬೇಕು.

ದೀಪಾವಳಿ ಆದ ಮೇಲೆ ಗೈಡುಗಳ ಮನೆಯವರಿಗೆಂದೇ ಮೆಲ್ಲಗೆ ಹತ್ತಿಸುವ ತಂಡವೊಂದಿದೆ, ಮನೆಯಿಂದ ಇಬ್ಬರು ಬರಬಹುದು ಎಂದು ನೀನು ಹೇಳಿದಾಗ ನಾನು ಮೊದಲು ಹೂಂ ಎಂದೆ, ಆಮೇಲೆ ಹೆದರಿದೆ. ಮೊದಲು ನಾಣೇಘಾಟದ ಹಳೆಯ ಕಲ್ಲುದಾರಿಯಂತೆ, ಆಮೇಲೆ ಗುಡ್ಡ ಕೊರೆದು ಮಾಡಿದ ಗುಹೆಗಳಂತೆ, ಕೊನೆಗೆ ಹಾಳುಬಿದ್ದ ಕೋಟೆಯಂತೆ, ನಡುವೆ ಡೇರೆಯಲ್ಲಿ ಮಲಗುವುದಂತೆ! ಎರಡು ಸಾವಿರ ವರ್ಷದ ಹಿಂದೆ ವ್ಯಾಪಾರಿಗಳು ಎತ್ತು ಹೊಡೆದುಕೊಂಡು ಹತ್ತಿದ ದಾರಿ ಎಂದು ನೀನು ಹೇಳಿದೆ. ನಾನು ನಮ್ಮೂರ ಶಿವನ ಗುಡಿಯೇ ಲೋಕದಲ್ಲಿ ಎಲ್ಲಕ್ಕಿಂತ ಹಳೆಯದು ಎಂದುಕೊಂಡಿದ್ದೆ, ಅದು ಈ ದಾರಿಯ ಮುಂದೆ ಮೊಮ್ಮಗು ಆಯಿತಲ್ಲ. ಎರಡನೇ ಜಾಗಕ್ಕೆ ಮೀನಾಳನ್ನು ಕರೆದರೆ "ಎಮ್ಮಿ ಯಾರು ಹಿಂಡ್ಬೇಕು ಅತ್ತಿ?" ಎಂದಳು. ನಿನ್ನಪ್ಪನನ್ನು ಕೇಳುವ ಹಾಗೇ ಇರಲಿಲ್ಲ. ಕಡೆಗೆ ನೆರೆಮನೆಯ ಸುಂದರಬಾಯಿ "ನಾ ಇಲ್ಲೇನು?" ಎಂದು ಎದ್ದು ನಿಂತಳು. ನಿನ್ನಪ್ಪನ ಮುಂದೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಸಕ್ಕರೆ ಕಾಯಿಲೆಗೆ ಡಾಕ್ಟರರು ನಡೆಯಲು ಹೇಳಿದ್ದಾರೆ ಎಂದೆವು, ನಂಬಿದ.

ಬೂಟಿನ ಕಥೆ ಕೇಳು. ಕಲ್ಯಾಣದಲ್ಲಿ ಕೊಂಡರೆ ನಿನ್ನಪ್ಪನ ಕಿವಿಗೆ ಬಿದ್ದೀತು, ಅವನ ಮೋಟರು ರಿಪೇರಿ ಅಂಗಡಿ ಬಸ್‌ಸ್ಟ್ಯಾಂಡಿನ ಎದುರಿಗೇ ಇದೆಯಲ್ಲ. ಹಾಗಾಗಿ ನಾವಿಬ್ಬರೂ ಬಸ್ಸು ಹತ್ತಿ ಹುಮನಾಬಾದಕ್ಕೆ ಹೋದೆವು. ಅಲ್ಲಿ ಮಕ್ಬೂಲ್ ಎಂಬುವವನ ಚಪ್ಪಲಿ ಅಂಗಡಿ. ಅವನು "ಮೊಮ್ಮಗನಿಗೇನ್ರಿ ಆಯಿ?" ಎಂದ. ನನಗೇ ಬೇಕು, ಗುಡ್ಡ ಹತ್ತಬೇಕು ಎಂದೆ. ನನ್ನ ಇಳಕಲ್ ಸೀರೆ ನೋಡಿದ, ಕಾಲುಂಗುರ ನೋಡಿದ, ಮುಖ ನೋಡಿದ. ನಗುತ್ತಾನೇನೋ ಎಂದುಕೊಂಡೆ. ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತು ನನ್ನ ಕಾಲಿಗೆ ತಾನೇ ಬೂಟು ಹಾಕಿ, ಲೇಸು ಕಟ್ಟಿ, "ಇದು ಹಾಕ್ಕೊಂಡು ಹಿಮಾಲಯಕ್ಕ ಹೋದ್ರ ಭೀ ಪಾದ ನೋಯಂಗಿಲ್ರಿ, ಖಾತ್ರಿ" ಎಂದ. ಸುಂದರಬಾಯಿ ಕೆಂಪು ಬಣ್ಣದ್ದೇ ಬೇಕೆಂದು ಹಟ ಹಿಡಿದು ಅಂಗಡಿಯ ಪೆಟ್ಟಿಗೆಗಳನ್ನೆಲ್ಲ ಇಳಿಸಿದಳು. ಕೆಂಪು ಸಿಕ್ಕ ಮೇಲೆ ಅದು ಬೆರಳಿಗೆ ಬಿಗಿ ಎಂದು ಕರಿಯದನ್ನೇ ಕೊಂಡಳು. ಬರುವಾಗ ಬಸ್ಸಿನಲ್ಲಿ ಇಬ್ಬರೂ ಸೀರೆಯ ನೆರಿಗೆ ಇಳಿಬಿಟ್ಟುಕೊಂಡು ಬೂಟು ಮುಚ್ಚಿಕೊಂಡು ಕೂತೆವು, ಕದ್ದ ಕೋಳಿ ಬಚ್ಚಿಟ್ಟುಕೊಂಡವರ ಹಾಗೆ.

ಬೆನ್ನಿಗೆ ಭಾರ ಹಾಕಿಕೊಂಡು ನಡೆಯಿರಿ ಎಂದಿದ್ದೆಯಲ್ಲ, ಮೀನಾ ನಿನ್ನ ಹಳೆಯ ಕಾಲೇಜು ಚೀಲಕ್ಕೆ ಜೋಳ ತುಂಬಿ ಕೊಟ್ಟಳು. ದಿನಾ ಬೆಳಿಗ್ಗೆ ರೊಟ್ಟಿ ಬಡಿದಾದ ಮೇಲೆ ಊರಿನಿಂದ ಕಲ್ಯಾಣದ ತನಕ ನಡಿಗೆ, ಅಲ್ಲಿ ಕೋಟೆಯ ಬುರುಜು ಹತ್ತುವುದು, ಇಳಿಯುವುದು. ಕುಣಿಯಲಾರದವಳಿಗೆ ನೆಲ ಡೊಂಕು ಅಂದ ಹಾಗೆ ಸುಂದರಬಾಯಿಗೆ ಆ ಕೋಟೆಯ ಒಂದು ಮೆಟ್ಟಿಲೂ ನೆಟ್ಟಗಿಲ್ಲ. ಎರಡು ಮೆಟ್ಟಿಲಿಗೆ ಒಮ್ಮೆ ಕೂತು ಎಲೆಅಡಿಕೆ ಬಿಚ್ಚುತ್ತಾಳೆ. ಅಲ್ಲೇ, ಆ ಕೋಟೆ ಕಟ್ಟಿದವನಿಗೂ ಬಯ್ಯುತ್ತಾಳೆ. ಮೊದಮೊದಲು ನನಗೂ ಎದೆ ಡಬಡಬ ಎಂದು ಹೊಡೆದುಕೊಳ್ಳುತ್ತಿತ್ತು. ಈಗ ಒಂದೇ ಉಸಿರಿಗೆ ಮೇಲೆ ಹೋಗುತ್ತೇನೆ. ಮೇಲೆ ನಿಂತು ಗಾಳಿ ಮುಖಕ್ಕೆ ಬಡಿದಾಗ ಎಷ್ಟು ಖುಷಿಯಾಗುತ್ತದೆ ಗೊತ್ತೇ? ನೀನು ಯಾಕೆ ಈ ಗುಡ್ಡದ ಕೆಲಸ ಬಿಡಲಿಲ್ಲ ಎಂಬುದು ನನಗೆ ಅಲ್ಲಿ ನಿಂತಾಗ ಅರ್ಥವಾಯಿತು.

ಇನ್ನು ಸೀಗಿ ಹುಣ್ಣಿಮೆಯ ಮುಂಚಿನ ಫಜೀತಿ. ಆ ದಿನ ಉದ್ದ ನಡೆಯೋಣ ಎಂದು ನಾನೇ ಬುದ್ಧಿವಂತಿಕೆ ಮಾಡಿ ಸಸ್ತಾಪುರ ಬಂಗ್ಲಾದ ಹೈವೇ ಹಿಡಿಸಿದೆ. ಹುಣ್ಣಿಮೆಗೆ ತುಳಜಾಪುರದ ಅಂಬಾಬಾಯಿಯ ಗುಡಿಗೆ ನಡೆದು ಹೋಗುವ ಮಂದಿ ಆ ದಾರಿಯಲ್ಲೇ ಇರುವೆ ಸಾಲಿನಂತೆ ಬರುತ್ತಾರೆ ಎಂಬುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು, ಆದರೂ ಮರೆತೆ. ಬೆನ್ನಿಗೆ ಚೀಲ, ಕೈಯಲ್ಲಿ ಕೋಲು, ಹಣೆ ತುಂಬ ಕುಂಕುಮ, ಪಶ್ಚಿಮಕ್ಕೆ ಮುಖ. ಬೇರೆ ಏನೆಂದು ತಿಳಿಯಬೇಕು ಜನ? ಚಹಾ ಹಂಚುವ ಪೆಂಡಾಲಿನಿಂದ ಒಬ್ಬ ಓಡಿಬಂದು ಸೀದಾ ನನ್ನ ಕಾಲಿಗೆ ಬಿದ್ದ. ಬಿದ್ದವನೇ ಬೂಟು ನೋಡಿ "ಹರಕಿ ನಡಿಯೋರು ಬೂಟ ಹಾಕ್ತಾರೇನ್ರಿ ಆಯಿ? ಕಳೀರಿ ಕಳೀರಿ" ಎಂದು ತಾನೇ ಲೇಸು ಬಿಚ್ಚಿದ. ನಾನು ಅಲ್ಲಪ್ಪಾ, ನಾನು ತುಳಜಾಪುರಕ್ಕಲ್ಲ ಎಂದರೆ ಯಾರು ಕೇಳುತ್ತಾರೆ? ಬಾಳೆಹಣ್ಣು ಬಂತು, ಉಪ್ಪಿಟ್ಟು ಬಂತು. ಆಮೇಲೆ ತೆಂಗಿನಕಾಯಿ ಬರತೊಡಗಿದವು. ನಡೆಯಲಾಗದ ಮುದುಕನೊಬ್ಬ "ನಂದೂ ಒಂದು ಕಾಯಿ ಅಂಬಾಬಾಯಿಗಿ ಮುಟ್ಟಸ್ರಿ" ಎಂದು ಕೈಮುಗಿದ. ಒಬ್ಬ ಹೆಂಗಸು ಸೊಸೆಗೆ ಮಗು ಆಗಲಿ ಎಂದು ಹಸಿರು ಕುಬಸದ ಖಣ ಕೊಟ್ಟಳು. ಅವಳ ಕಣ್ಣಲ್ಲಿ ನೀರು ನೋಡಿ ನನಗೆ ಒಲ್ಲೆ ಎನ್ನಲು ನಾಲಿಗೆ ಏಳಲಿಲ್ಲ. ಸುಂದರಬಾಯಿ ಅಂತೂ ಪಕ್ಕಾ ಭಕ್ತೆಯಾಗಿ ಬಿಟ್ಟಿದ್ದಳು. ಕಾಲಿಗೆ ಬಿದ್ದವರ ತಲೆಯ ಮೇಲೆಲ್ಲ ಕೈಯಿಟ್ಟು "ಛಲೋ ಆಗ್ತದ, ಛಲೋ ಆಗ್ತದ" ಎಂದು ಹರಸುತ್ತ ಎರಡನೇ ತಟ್ಟೆ ಉಪ್ಪಿಟ್ಟು ಮುಗಿಸುತ್ತಿದ್ದಳು. ಪುಣ್ಯಕ್ಕೆ ಬೇಮಳಖೇಡದಿಂದ ನಿಜವಾಗಿ ಹೊರಟ ಹೆಂಗಸರ ಗುಂಪು ಬಂತು. ಕಾಯಿ, ಖಣ ಎಲ್ಲವನ್ನೂ ಅವರ ಕೈಗೊಪ್ಪಿಸಿ, ಯಾರು ಯಾಕೆ ಕೊಟ್ಟರು ಎಂಬುದನ್ನೂ ಹೇಳಿ ಕಳಿಸಿದೆ. ಅವು ಮುಟ್ಟಿದವು ಎಂದು ಆಮೇಲೆ ಸುದ್ದಿಯೂ ಬಂತು. ನನ್ನ ಪಾದ ಮಾತ್ರ ಡಾಂಬರಿನ ಮೇಲೆ ಬೆಂದು ಬದನೆಕಾಯಿ ಆಗಿತ್ತು.

ಊರ ಬಾಯಿಗೆ ಮುಚ್ಚಳ ಎಲ್ಲಿದೆ? ನಾವು ವಾಪಸು ತಿರುಗುವ ಮೊದಲೇ ನಿನ್ನಪ್ಪನ ಅಂಗಡಿಗೆ ಮಂದಿ ಹೋಗಿ "ಸಂತೋಷಣ್ಣಾ, ನಿಮ್ಮವ್ವಾರು ನಡಕೋತ ಹೊಂಟಾರ, ಪುಣ್ಯವಂತರು ನೀವು" ಎಂದು ಹೇಳಿಯಾಗಿತ್ತು. ಅವನು ಮೋಟರ್‌ಸೈಕಲ್ಲು ಹೊಡೆದುಕೊಂಡು ಧೂಳೆಬ್ಬಿಸುತ್ತ ಬಂದ. ಮುಖ ಸಿಟ್ಟಿನಿಂದ ಕೆಂಪಾಗಿದೆ ಎಂದುಕೊಂಡೆ. ಹತ್ತಿರ ಬಂದಾಗ ನೋಡಿದರೆ ಅಳು ತಡೆದುಕೊಂಡ ಮುಖ. "ಅವ್ವಾ, ನಿನಗ ಏನಾಗ್ಯದ? ಡಾಕ್ಟ್ರು ಏನಂದ್ರು? ಯಾತರ ಹರಕಿ ಇದು, ನನಗ್ಯಾಕ ಹೇಳ್ಲಿಲ್ಲ?" ಎಂದ. ನನಗೆ ದೊಡ್ಡ ಕಾಯಿಲೆ ಬಂದಿದೆ, ಅದನ್ನು ಮುಚ್ಚಿಟ್ಟು ಹರಕೆ ಹೊತ್ತಿದ್ದೇನೆ ಎಂದು ತಿಳಿದಿದ್ದ ಪಾಪ. ಇನ್ನು ಸುಳ್ಳು ಬೇಡ ಎನ್ನಿಸಿತು. ರಸ್ತೆಯ ಬದಿಯಲ್ಲೇ ನಿಂತು ಹೇಳಿದೆ: "ಕಾಯಿಲಿ ಇಲ್ಲ, ಹರಕಿನೂ ಇಲ್ಲ. ನಿನ್ನ ಮಗಳು ಗುಡ್ಡಾ ಹತ್ತಸ್ತಾಳ, ನಾ ಹತ್ತಾಕ ಹೊಂಟೀನಿ. ನೀ ಅಂತೂ ನೋಡಂಗಿಲ್ಲ, ನಾನಾದ್ರೂ ನೋಡಿ ಬರ್ತೀನಿ."

ಬಯ್ಯುತ್ತಾನೆ ಎಂದು ಸುಂದರಬಾಯಿ ನನ್ನ ಹಿಂದೆ ಸರಿದಳು. ಅವನು ಬಯ್ಯಲಿಲ್ಲ. ನನ್ನ ಚೀಲ ಇಸಿದುಕೊಂಡು ಗಾಡಿಯ ಮೇಲಿಟ್ಟ, ಹತ್ತು ಎಂದ. ನಾನು ನಡೆದೇ ಬರುತ್ತೇನೆ ಎಂದೆ. ಆಗ ಅವನೂ ಹತ್ತಲಿಲ್ಲ, ಗಾಡಿ ತಳ್ಳಿಕೊಂಡು ನನ್ನ ಪಕ್ಕದಲ್ಲೇ ನಡೆದ. ಆಮೇಲೆ ರಸ್ತೆ ನೋಡುತ್ತಲೇ ಕೇಳಿದ: "ಅಲ್ಲಿ ಮಂದಿ ಬೀಳ್ತಾರೇನವ್ವಾ?" ಶೀತಲ, ಒಂದು ವರ್ಷದಿಂದ ಅವನ ಸಿಟ್ಟು ನೋಡಿ ನಾವೆಲ್ಲ ಸಿಟ್ಟಾದೆವು, ಅದರ ಕೆಳಗೆ ಇದ್ದದ್ದು ಬರೀ ಹೆದರಿಕೆ. ಮಳೆ ಜೋರಾದ ರಾತ್ರಿಗಳಲ್ಲಿ ಅವನು ಎದ್ದು ಕೂಡುತ್ತಿದ್ದದ್ದು ಉದ್ದಿನ ಚಿಂತೆಯಿಂದ ಎಂದು ಮೀನಾ ತಿಳಿದಿದ್ದಳು. ನೀನು ಹಗ್ಗ ಕಟ್ಟದೆ ಯಾರನ್ನೂ ಕಡಿದಾದ ಕಡೆ ಬಿಡುವುದಿಲ್ಲ, ನೀನೂ ಕಟ್ಟಿಕೊಳ್ಳದೆ ಹೋಗುವುದಿಲ್ಲ ಎಂದು ಹೇಳಿದೆ. "ಖರೇ?" ಎಂದ. ಖರೆ ಎಂದೆ. ಮರುದಿನ ಬೆಳಿಗ್ಗೆ ನೋಡುತ್ತೇನೆ, ನನ್ನ ಬೂಟಿನ ಧೂಳು ಒರೆಸಿ ಬಾಗಿಲ ಬಳಿ ಜೋಡಿಸಿಟ್ಟಿದ್ದಾನೆ.

ಅವನು ನಿನಗೆ ಫೋನು ಮಾಡುತ್ತಾನೆ ಎಂದು ನಾನು ಹೇಳಲಾರೆ. ಆ ಬಾಯಿಗೆ ಅಷ್ಟು ಸುಲಭವಾಗಿ ಕೀಲಿ ತೆಗೆಯಲು ಬರುವುದಿಲ್ಲ. ಆದರೂ ನೀನು ಮನಸ್ಸು ಸಣ್ಣದು ಮಾಡಬೇಡ. ನಾನು ಬರುವಾಗ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಳ್ಳಿನ ಹೋಳಿಗೆ ಕಟ್ಟಿಕೊಂಡು ಬರುತ್ತೇನೆ. ನಿನ್ನ ಕಂಪನಿಯವರ ಪೊಟ್ಟಣದ ಊಟ ನನ್ನ ಗಂಟಲಿಗೆ ಇಳಿಯಲಾರದು. ಡೇರೆಯಲ್ಲಿ ಹೊದೆಯಲು ಚೀಲದಂಥದ್ದು ಕೊಡುತ್ತಾರೆ ಎಂದಿದ್ದೀ. ಚೀಲದೊಳಗೆ ಹೋಗಿ ಮಲಗಲು ನಾನೇನು ಸೋಯಾಬೀನೇ? ನನ್ನ ಕೌದಿ ತರುತ್ತೇನೆ, ಭಾರವಾದರೆ ನಾನೇ ಹೊರುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು, ಹಗ್ಗದ ಗಂಟು ಎರಡೆರಡು ಸಲ ಜಗ್ಗಿ ನೋಡು. ನಿನ್ನ ಜೊತೆ ಇರುವ ಹುಡುಗಿಯರಿಗೂ ನನ್ನ ಆಶೀರ್ವಾದ ಹೇಳು. ನೀನು ಇಟ್ಟ ಹೆಜ್ಜೆ ಗಟ್ಟಿ ನೆಲದ ಮೇಲೇ ಬೀಳಲಿ ಎಂದು ದಿನಾ ದೀಪ ಹಚ್ಚುವಾಗ ಬೇಡುತ್ತೇನೆ.

ನಿನ್ನ ಆಯಿ,
ಗಯಾಬಾಯಿ

ತಾ.ಕ.: ಸುಂದರಬಾಯಿ ಕಲ್ಯಾಣದ ಬಸ್ಸಿಗೆ ನಿಂತಿದ್ದಾಳೆ, ಪೋಸ್ಟಿಗೆ ಹಾಕಲು ಕಾಗದ ಕೊಡು ಎಂದು ಕೂಗುತ್ತಿದ್ದಾಳೆ. ಅವಸರದಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ಹೊಂದಿಸಿಕೊಂಡು ಓದು. ಅವಳು ಗುಡ್ಡಕ್ಕೆ ಬರುವುದಿಲ್ಲ. "ಮೊಣಕಾಲ ನೋವಂತ ಬರಿ" ಎಂದಳು, ಅವಳ ಮೊಣಕಾಲು ಗಟ್ಟಿಯಾಗಿಯೇ ಇದೆ. ಅವಳ ಜಾಗಕ್ಕೆ ನಿನ್ನಪ್ಪನ ಹೆಸರು ಬರೆದುಕೋ. ನಿನ್ನೆ ನಾನು ಈ ಕಾಗದ ಬರೆದಿಟ್ಟ ಮೇಲೆ, ಇವತ್ತು ಬೆಳಿಗ್ಗೆ ಅವನು ತಾನಾಗಿಯೇ ನನ್ನ ಜೊತೆ ಕೋಟೆಗೆ ಬಂದ. ಅವನಿಗೆ ಎತ್ತರ ಆಗುವುದಿಲ್ಲ, ಬಾವಿ ಬಗ್ಗಿ ನೋಡಿದರೂ ತಲೆ ತಿರುಗುತ್ತದೆ, ಇದು ನಿನಗೆ ಗೊತ್ತಿಲ್ಲ, ಅವನು ಯಾರಿಗೂ ಹೇಳುವವನಲ್ಲ. ಬುರುಜಿನ ಅರ್ಧಕ್ಕೆ ಗೋಡೆ ಹಿಡಿದು ಕೂತುಬಿಟ್ಟ. ಮೈಯೆಲ್ಲ ಬೆವರು. ಸಾಕು ಇಳಿ ಎಂದೆ. ಇಳಿಯಲಿಲ್ಲ, ಕೈಯೂರಿ ತೆವಳಿಕೊಂಡೇ ಮೇಲೆ ಬಂದ. ಬಂದು ಕಣ್ಣು ಮುಚ್ಚಿಕೊಂಡೇ "ನನ್ನ ಮಗಳು ದಿನಾ ಇಂಥಾದ್ರ ಮ್ಯಾಲೆ ನಿಂದರತಾಳೇನು?" ಎಂದ. ಅಲ್ಲಿ ನಿನ್ನನ್ನು ನೋಡಿದಾಗ ಅವನಿಗೆ ಮಾತು ಹೊರಡುವುದಿಲ್ಲ, ನೀನೂ ಏನೂ ಕೇಳಬೇಡ. ಕಡಿದಾದ ಜಾಗ ಬಂದಾಗ ನೀನು ಮುಂದೆ ಹತ್ತಿ, ತಿರುಗಿ, ಎಲ್ಲರಿಗೂ ಹೇಳುವ ಹಾಗೆ "ಕೈ ಕೊಡ್ರಿ" ಎನ್ನು. ಕೊಡುತ್ತಾನೆ.