ಗಟಾರಿ ಅಮಾಸಿಯ ಹಂಡಿ

ಗಾಂಧಿ ಗಂಜ, ಬೀದರ
ಶ್ರಾವಣದ ಮೊದಲ ಸೋಮವಾರ, ೨೮ ಜುಲೈ ೨೦೨೫

ಫೋನ್ ಎತ್ತದ ಔರಾದದ ಕೈಲಾಶನಿಗೆ ಬೀದರದ ನಾರಾಯಣನ ರಾಮರಾಮ.

ನೀನು ಫೋನ್ ಎತ್ತುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಎತ್ತದೆ ಇದ್ದದ್ದೇ ಛಲೋ ಆಯಿತು ಎಂದು ನನ್ನ ಹೆಂಡತಿ ಸಿದ್ದೇಶ್ವರಿ ಅನ್ನುತ್ತಾಳೆ. ಎತ್ತಿದ್ದರೆ ನಾನು ಮತ್ತೆ ಒದರಾಡುತ್ತಿದ್ದೆನಂತೆ. ಕಾಗದದ ಮೇಲೆ ಎಷ್ಟು ಒದರಿದರೂ ಓಣಿಯವರಿಗೆ ಕೇಳಿಸುವುದಿಲ್ಲವಲ್ಲ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಲಾರಿಗಳಿಗೆ ಹೊದಿಸುವ ತಾಡಪತ್ರಿ ಹೊಲಿಯುತ್ತ ಮುದುಕನಾದ ಕೈ ಇದು. ದಬ್ಬಣ ನಡೆದ ಹಾಗೆ ಪೆನ್ನು ನಡೆಯುವುದಿಲ್ಲ. ಅಕ್ಷರ ತಿಳಿಯದಿದ್ದರೆ ನಿನ್ನ ಮನೆಯಾಕೆ ಪ್ರಮಿಲಾ ವೈನಿಯ ಕೈಗೆ ಕೊಟ್ಟು ಓದಿಸಿಕೊ.

ನಿನ್ನ ಟೋಪಿ ನನ್ನ ಹತ್ತಿರ ಇದೆ. ಆವತ್ತು ಸಾರಂಗನ ಬಾರಿನ ಕುರ್ಚಿಯ ಮೇಲೆ ಬಿಟ್ಟು ಹೋದೆಯಲ್ಲ, ಅದು. ಸಿದ್ದೇಶ್ವರಿ ಒಗೆದು, ನೀಲಿ ಹಾಕಿ, ಗಂಜಿ ಕೊಟ್ಟು ಇಟ್ಟಿದ್ದಾಳೆ. ಮಂಗೇಶನ ಕೈಯಲ್ಲಿ ಕಳಿಸುತ್ತೇನೆ ಅಂದಳು. ನಾನು ಕೊಡಲಿಲ್ಲ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಅಮಾಸಿ ರಾತ್ರಿಯಿಂದ ಅಂಗಡಿಯಲ್ಲಿ ಕೂತರೆ ಕೂಡ್ರಲಾಗುವುದಿಲ್ಲ, ಎದ್ದರೆ ನಿಲ್ಲಲಾಗುವುದಿಲ್ಲ. ಮನ್ನಳ್ಳಿಯ ಲಾರಿಯವನ ತಾಡಪತ್ರಿ ಉಲ್ಟಾ ಹೊಲಿದುಬಿಟ್ಟೆ. ಬಿಚ್ಚಿ ಮತ್ತೆ ಹೊಲಿದೆ. ಮತ್ತೆ ಉಲ್ಟಾ. ಲಾರಿಯವನು ನಕ್ಕ, ಅವನಿಗೆ ಬೈದೆ. ಅವನು ತಾಡಪತ್ರಿ ಎತ್ತಿಕೊಂಡು ಬೇರೆ ಅಂಗಡಿಗೆ ಹೋದ. ಹೋಗಲಿ.

ಈಗ ಸೀದಾ ಮಾತಿಗೆ ಬರುತ್ತೇನೆ. ನಾವು ನಾಲ್ವರು ಈ ಅಮಾಸಿ ಊಟ ಶುರು ಮಾಡಿದಾಗ ನೀನು ಲಾರಿ ಓಡಿಸುತ್ತಿದ್ದೆ, ಭಾಲ್ಕಿಯ ಮಂಗೇಶ ನಿನ್ನ ಕ್ಲೀನರ್ ಆಗಿದ್ದ, ನಾನು ಗಂಜಿನ ಪೇಟೆಯಲ್ಲಿ ತಾಡಪತ್ರಿ ಹೊಲಿಯುತ್ತಿದ್ದೆ, ಪಕ್ಕದಲ್ಲೇ ಬಾಬುಮಿಯಾ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಶ್ರಾವಣ ಹಿಡಿಯುವ ಮುಂಚಿನ ಅಮಾಸಿಗೆ, ತಿಂಗಳುಪೂರ್ತಿ ಬಿಡಬೇಕಾದದ್ದನ್ನೆಲ್ಲ ಒಂದೇ ರಾತ್ರಿ ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ಮಂಗೇಶನೇ ಹಟ ಹಿಡಿದ. ಅಂದಿನಿಂದ ಗಟಾರಿ ಅಮಾಸಿ ಎಂದರೆ ನಮಗೆ ಔರಾದ ರಸ್ತೆಯ ಆ ಬಾರು, ಒಂದೇ ಹಂಡಿ ಮಟನ್, ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ. ಸಾರಂಗನ ಅಪ್ಪ ಬಾರಿನ ಹಣದ ಗಲ್ಲೆಯ ಮೇಲೆ ಕೂತಿದ್ದ ಕಾಲದಿಂದ ನಮ್ಮ ಕಾಯಿದೆ ಒಂದೇ: ಯಾರೂ ತನ್ನ ತಾಟಿಗೆ ತಾನೇ ಬಡಿಸಿಕೊಳ್ಳಬಾರದು. ದೂರದಿಂದ ಬಂದವನಿಗೆ ನಳ್ಳಿ ಎಲುಬು. ದೂರದವನು ನೀನೇ. ನಳ್ಳಿ ಎಂದೂ ನಿನ್ನದೇ.

ಈ ಸಲದ ಅಮಾಸಿಗೆ ನಾನು ಸೌಟು ತಗೊಂಡಾಗ ನೀನು ತಾಟಿನ ಮೇಲೆ ಕೈ ಅಡ್ಡ ಹಿಡಿದೆ. ಹೊಟ್ಟೆ ಸರಿ ಇಲ್ಲ ಅಂದೆ. ಸುಳ್ಳು. ಹೊಟ್ಟೆ ಸರಿ ಇಲ್ಲದವನ ಮುಖ ನನಗೆ ಗೊತ್ತು. ಜಹೀರಾಬಾದಿನ ರಸ್ತೆಯಲ್ಲಿ ನೀನು ಹೊಟ್ಟೆ ಹಿಡಿದುಕೊಂಡು ಲಾರಿ ನಿಲ್ಲಿಸಿದ್ದನ್ನು ನೋಡಿದವನು ನಾನು. ಈ ಅಮಾಸಿಗೆ ನೀನು ಒಣ ರೊಟ್ಟಿ ಮುರಿದು ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದೆ. ಗ್ಲಾಸು ಬೋರಲು ಹಾಕಿದ್ದೆ. ಆ ಸೆಕೆಯಲ್ಲಿ ಅಂಗಿಯ ಗುಂಡಿ ಕೊರಳ ತನಕ ಹಾಕಿಕೊಂಡಿದ್ದೆ. ನನ್ನ ತಲೆಯಲ್ಲಿ ಏನೇನೋ ಬಂತು. ಇವನು ನಮ್ಮ ಮೇಲೆ ಸಿಟ್ಟಾಗಿದ್ದಾನೆ. ಇವನಿಗೆ ದೊಡ್ಡವರ ಸಂಗ ಸಿಕ್ಕಿದೆ, ಈಗ ನಮ್ಮ ಹಂಡಿ ಸಣ್ಣದಾಗಿ ಕಾಣುತ್ತಿದೆ.

ಆ ಸಿಟ್ಟಿನಲ್ಲೇ ನಿನ್ನ ಕೈ ಸರಿಸಿ ಸುರಿದೆ. ಮಟನ್ನಿನ ಬಿಸಿ ರಸ್ಸಾ ಅರ್ಧ ತಾಟಿಗೆ ಬಿತ್ತು, ಅರ್ಧ ನಿನ್ನ ಕೈಯ ಮೇಲೆ. ನೀನು ಹೌಹಾರಿ ಎದ್ದೆ. ಗುಂಡಿ ಕಿತ್ತು ಕೊರಳಿನ ತುಳಸಿ ಮಣಿಯ ಮಾಳಿ ಹೊರಗೆ ಬಂತು.

ಪಂಢರಪುರಕ್ಕೆ ನಡೆದುಕೊಂಡು ಹೋಗಿದ್ದೆ ಎಂಬುದು ಗೊತ್ತಿತ್ತು. ಮಾಳಿ ಹಾಕಿಸಿಕೊಂಡು ಬಂದಿದ್ದೀ, ಇನ್ನು ಮಟನ್ ಇಲ್ಲ, ಗ್ಲಾಸು ಇಲ್ಲ, ಸಾಯುವ ತನಕ ಇಲ್ಲ ಎಂಬುದು ಆಗಷ್ಟೇ ತಿಳಿಯಿತು. ಮಂಗೇಶ ಬಾಯಿ ತೆರೆದುಕೊಂಡು ಕೂತಿದ್ದ. ಅಕ್ಕಪಕ್ಕದ ಟೇಬಲ್ಲಿನವರು ಇತ್ತಲೇ ನೋಡುತ್ತಿದ್ದರು. ಆಗ ನಾನು ಅಂದದ್ದನ್ನು ಇಲ್ಲಿ ಬರೆಯುತ್ತೇನೆ. ಅಂದ ಬಾಯಿ ನನ್ನದೇ.

"ಮಾಳಿ ಹಾಕ್ಕೊಂಡವಗ ಬಾರಿನ್ಯಾಗ ಏನ್ ಕೆಲಸಲೇ? ಎದ್ದ್ ಹೋಗು."

ನೀನು ಹೋದೆ. ಕೈ ಸೈತ ತೊಳೆದುಕೊಳ್ಳದೆ ಮಳೆಯಲ್ಲಿ ರಸ್ತೆಯ ತನಕ ನಡೆದೆ. ಬಾಬುಮಿಯಾ ನಿನ್ನ ಹಿಂದೆ ಓಡಿದ. ಅವನು ಹೋಗುವಷ್ಟರಲ್ಲಿ ನೀನು ಬಸ್ಸು ಹತ್ತಿಬಿಟ್ಟಿದ್ದೆ.

ಅವನು ತೊಯ್ದುಕೊಂಡು ಒಳಗೆ ಬಂದ. ಕೂಡ್ರಲಿಲ್ಲ. ತನ್ನ ಸೋಡಾದ ಗ್ಲಾಸು ಎತ್ತಿ ನನ್ನ ಮೂಗಿನ ಮುಂದೆ ಹಿಡಿದ.

"ನಾರಾಯಣ, ನಾ ಇಷ್ಟ್ ವರ್ಷ ಸೋಡಾ ಕುಡಕೋತ ಇದೇ ಬಾರಿನ್ಯಾಗ ಕುಂತೀನಿ. ನನಗ ಯಾವಾಗರ ಎದ್ದ್ ಹೋಗು ಅಂದೀಯೇನು?"

ಇಷ್ಟು ವರ್ಷದಲ್ಲಿ ಆ ಮನುಷ್ಯ ನನಗೆ ಎದುರು ಮಾತಾಡಿದ್ದೇ ಇಲ್ಲ. ನಾನು ರೊಟ್ಟಿ ಮುರಿದೆ. ಮುರಿದದ್ದನ್ನು ಅಲ್ಲೇ ಇಟ್ಟೆ. ಹಂಡಿಯಲ್ಲಿದ್ದದ್ದು ಹಾಗೆಯೇ ಆರಿ, ಮೇಲೆ ಎಣ್ಣೆ ಕಟ್ಟಿತು. ಸಾರಂಗ ಬಂದು, ಕಾಕಾ, ಉಪ್ಪು ಹೆಚ್ಚಾಗಿದೆಯೇನ್ರಿ ಎಂದು ಕೇಳಿದ. ಅವನಿಗೂ ಬೈದೆ.

ಮರುದಿನ ಸಿದ್ದೇಶ್ವರಿ ಪ್ರಮಿಲಾ ವೈನಿಗೆ ಫೋನ್ ಮಾಡಿದಳು. ಹೆಂಗಸರು ಮಾತಾಡುವಾಗ ನಾನು ಕೇಳಿಸಿಕೊಳ್ಳುವುದಿಲ್ಲ. ಆದರೆ ನಮ್ಮ ಮನೆ ಸಣ್ಣದು. ವೈನಿಗೆ ಆಪರೇಶನ್ ಆದ ಮೇಲೆ ಮಟನ್ ಕುದಿಯುವ ವಾಸನೆಗೇ ಹೊಟ್ಟೆ ತೊಳಸುತ್ತದಂತೆ. ಅವರು ಮಾಳಿ ಹಾಕಿಸಿಕೊಳ್ಳುವಾಗ ನೀನೂ ಪಕ್ಕದಲ್ಲಿ ಕೊರಳು ಬಗ್ಗಿಸಿದೆಯಂತೆ. ನೀವು ಹಾಕಿಸಿಕೊಳ್ಳುವುದು ಬ್ಯಾಡ ಎಂದು ವೈನಿ ಅಂದದ್ದಕ್ಕೆ, ಈ ವಯಸ್ಸಿನಲ್ಲಿ ಒಂದು ಮನೆಯಲ್ಲಿ ಎರಡು ಒಲೆ ಹೂಡುತ್ತೀಯೇನು ಅಂದೆಯಂತೆ. ನೀನು ಇಂಥ ಮಾತು ಆಡಬಲ್ಲೆ ಎಂದು ನನಗೆ ಗೊತ್ತಿರಲಿಲ್ಲ. ಲಾರಿಯಲ್ಲಿ ನೀನು ಆಡುತ್ತಿದ್ದ ಮಾತೆಲ್ಲ ಬೇರೆ ಇದ್ದವು.

ಇನ್ನೊಂದೂ ಕೇಳಿಸಿತು. ನಮಗೆ ಹೇಗೆ ಹೇಳಬೇಕು ಎಂದು ಔರಾದದಿಂದ ಬಸ್ಸಿನಲ್ಲಿ ಬರುತ್ತ ದಾರಿಪೂರ್ತಿ ಮಾತು ಕೂಡಿಸಿದ್ದೆಯಂತೆ. ಬಂದು ಕೂತ ಮೇಲೆ ಬಾಯಿ ಬಿಡಲು ಆಗಲಿಲ್ಲವಂತೆ. ಹೋದ ವರ್ಷ ಅದೇ ಟೇಬಲ್ಲಿನಲ್ಲಿ ನಾನು, ಮಾಳಿ ಹಾಕಿದ ಮನುಷ್ಯ ಮತ್ತು ಹಗ್ಗ ಕಟ್ಟಿದ ಹೋತ ಎರಡೂ ಒಂದೇ, ಇಬ್ಬರನ್ನೂ ಪಂಕ್ತಿಗೆ ಕೂಡಿಸಬಾರದು ಅಂದಿದ್ದೆ. ಎಲ್ಲರೂ ನಕ್ಕಿದ್ದರು. ನೀನೂ ನಕ್ಕಿದ್ದೆ. ನಗುತ್ತಲೇ ಅದನ್ನು ಎದೆಯಲ್ಲಿ ಇಟ್ಟುಕೊಂಡೆಯೇನು? ನನ್ನ ಬಾಯಿ ನಿನಗೆ ಹೊಸದೇ?

ಕಡೆಗೆ ವೈನಿ, ಇನ್ನು ಆ ಟೇಬಲ್ಲಿಗೆ ಹೋಗುವುದಿಲ್ಲ ಎಂದು ನೀನು ಹೇಳಿದ್ದೀ ಅಂದರಂತೆ. ಇದನ್ನು ಹೇಳುವಾಗ ಸಿದ್ದೇಶ್ವರಿ ನನ್ನ ಮುಖ ನೋಡಲಿಲ್ಲ. ಅಡಿಗೆಮನೆಗೆ ಹೋಗಿ ಪಾತ್ರೆ ಸಪ್ಪಳ ಮಾಡಿದಳು. ಆ ಸಪ್ಪಳ ನನಗೆ ತಿಳಿಯುತ್ತದೆ.

ಕೈಲಾಶ, ಕೇಳು. ನೀನು ಮಟನ್ ಬಿಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ಮುಚ್ಚಿಟ್ಟೆಯಲ್ಲ, ಅದಕ್ಕೆ ಸಿಟ್ಟು. ಒಂದೇ ಹಂಡಿಯಲ್ಲಿ ಉಂಡವರ ಎದುರು ಕೊರಳಿಗೆ ಗುಂಡಿ ಹಾಕಿಕೊಂಡು ಕೂಡ್ರುವುದೆಂದರೇನು? ನಾನು ಇದ್ದದ್ದು ಇದ್ದಂತೆ ಅನ್ನುವವನು. ನನ್ನ ತಾಟಿನಲ್ಲಿ ಏನಿದೆಯೋ ಅದು ಎಲ್ಲರಿಗೂ ಕಾಣುತ್ತದೆ. ನೀನೂ ಹಾಗೇ ಇರಬೇಕಿತ್ತು.

ಈ ಸಾಲು ಬರೆದು ಎದ್ದು ಹೋಗಿದ್ದೆ. ಗಂಜಿನ ಆ ತುದಿಯ ತನಕ ನಡೆದು ಬಂದೆ. ಮಳೆಗೆ ತೊಗರಿಯ ಚೀಲಗಳ ಮೇಲೆ ಹೊದಿಸಿದ್ದ ನನ್ನದೇ ತಾಡಪತ್ರಿಗಳನ್ನು ನೋಡಿದೆ. ಒಂದೂ ಸೋರುತ್ತಿರಲಿಲ್ಲ. ಆದರೂ ಸಮಾಧಾನ ಆಗಲಿಲ್ಲ. ಮುಂದೆ ಬರೆಯುತ್ತೇನೆ.

ನಿನ್ನೆ ಮತ್ತೆ ಸಾರಂಗನ ಬಾರಿಗೆ ಹೋಗಿದ್ದೆ. ಶ್ರಾವಣ ಹಿಡಿದ ಮೇಲೆ ಅಲ್ಲಿ ಯಾರಿರುತ್ತಾರೆ, ಕುರ್ಚಿಗಳನ್ನು ಟೇಬಲ್ಲಿನ ಮೇಲೆ ಬೋರಲು ಹಾಕಿ ಕೂತಿದ್ದ. ನನ್ನನ್ನು ನೋಡಿ ಹೆದರಿದ. ಬೈಯಲಿಕ್ಕೆ ಬಂದಿಲ್ಲ ಅಂದೆ. ಬರುವ ಐತವಾರ ನಮಗೆ ತುಂಬುಗಾಯಿ ಬದನಿಕಾಯಿ, ಝುಣಕ, ಪುಂಡಿಪಲ್ಲೆ ಆಗಬೇಕು, ನಾಲ್ಕು ಜನರ ಹೊಟ್ಟೆ ಬಿರಿಯಬೇಕು ಎಂದು ಹೇಳಿದೆ. ಅವನು ತಲೆ ಕೆರೆದುಕೊಂಡ.

"ಕಾಕಾ, ಮಾಡೂದಕ್ಕೇನ್ರಿ, ಮಾಡ್ತೇನಿ. ಆದ್ರ ನನ್ನ ಹಂಡಿಗೋಳೆಲ್ಲಾ ಮಟನ್ ಉಂಡಾವ್ರಿ."

ಹುಡುಗ ಖರೇ ಹೇಳಿದ. ಅಲ್ಲಿಂದ ಬಾಬುಮಿಯಾನ ಅಂಗಡಿಗೆ ಹೋದೆ. ಅಮಾಸಿಯ ನಂತರ ಅವನು ನನ್ನ ಸಂಗಡ ಮಾತಾಡಿರಲಿಲ್ಲ. ಈಗ ಕಲಾಯಿ ಯಾರಿಗೆ ಬೇಕು, ಎಲ್ಲರ ಮನೆಯಲ್ಲಿ ಸ್ಟೀಲು. ಆದರೂ ಅವನ ಒಲೆಯಲ್ಲಿ ಕೆಂಡ ಇತ್ತು. ನಾನು ಬಾಗಿಲಲ್ಲೇ ನಿಂತು ಐತವಾರದ ವಿಚಾರ ಹೇಳಿದೆ. ಅವನು ಅಟ್ಟದಿಂದ ಒಂದು ತಾಮ್ರದ ಹಂಡಿ ಇಳಿಸಿದ. ಯಾರ ಮನೆಯಲ್ಲೂ ಒಲೆ ಹತ್ತದ ಹಂಡಿ. ಅದನ್ನು ಕೆಂಡದ ಮೇಲೆ ತಿರುವಿ ತಿರುವಿ ಕಾಯಿಸಿ, ತವರ ಹಾಕಿ, ಹತ್ತಿಯಿಂದ ಒರೆಸಿದ. ಒಳಗೆ ಬೆಳ್ಳಿಯ ಹಾಗೆ ಆಯಿತು. ನನ್ನ ಮುಖ ಅದರಲ್ಲಿ ಕಂಡಿತು. ಛಲೋ ಕಾಣಲಿಲ್ಲ.

"ಇದು ಕೈಲಾಶಂದು. ಇದರಾಗ ಬ್ಯಾರೆ ಏನೂ ಬೀಳಬಾರದು. ನಿನ್ನ ಕೈಯಾಗಂತೂ ಸೌಟು ಕೊಡೂದಿಲ್ಲ," ಅಂದ.

ಆಗಲಿ ಅಂದೆ. ನಾನು ಒಪ್ಪಿದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು.

ಶ್ರಾವಣದಲ್ಲಿ ನಾನೂ ತಿನ್ನುವುದಿಲ್ಲ, ಮಂಗೇಶನೂ ತಿನ್ನುವುದಿಲ್ಲ. ಬಾಬುಮಿಯಾ ತನಗೆ ಬದನಿಕಾಯಿ ಜೀವ ಅನ್ನುತ್ತಾನೆ, ಸುಳ್ಳೋ ಖರೇನೋ. ಎಲ್ಲರ ತಾಟಿನಲ್ಲಿ ಒಂದೇ ಇರುತ್ತದೆ. ಕಾಯಿದೆ ಹಳೆಯದೇ: ದೂರದಿಂದ ಬಂದವನಿಗೆ ದೊಡ್ಡ ಬದನಿಕಾಯಿ. ನಿನ್ನ ಮಾಳಿಗೆ ಬಳ್ಳೊಳ್ಳಿ ನಡೆಯುತ್ತದೋ ಇಲ್ಲವೋ, ಅದೊಂದು ಮಂಗೇಶನಿಗೆ ಹೇಳಿ ಕಳಿಸು. ಬಾರಿನೊಳಗೆ ಕಾಲಿಡಲು ಮನಸ್ಸಿಲ್ಲದಿದ್ದರೆ ಹೊರಗೆ ಬೇವಿನ ಗಿಡದ ಕೆಳಗೆ ಟೇಬಲ್ ಹಾಕಿಸುತ್ತೇನೆ. ಮಳೆ ಬಂದರೆ ತಾಡಪತ್ರಿ ಕಟ್ಟುತ್ತೇನೆ. ಅದೊಂದು ನನಗೆ ಬರುತ್ತದೆ. ವೈನಿಯನ್ನೂ ಕರೆದುಕೊಂಡು ಬಾ. ಸಿದ್ದೇಶ್ವರಿ ಬರುತ್ತಾಳೆ. ಇಷ್ಟು ವರ್ಷ ನಮ್ಮನ್ನು ಯಾಕೆ ಕರೆಯಲಿಲ್ಲ ಎಂದು ಅವಳು ಈಗ ಜಗಳ ತೆಗೆದಿದ್ದಾಳೆ.

ಕೈಗೆ ಏನಾಗಿದೆ? ಬೊಬ್ಬೆ ಎದ್ದಿದೆಯೇ? ಇದನ್ನು ಮೊದಲೇ ಕೇಳಬೇಕಿತ್ತು. ಮೊದಲು ಬರೆದು ಹೊಡೆದು ಹಾಕಿದ್ದೆ.

ಟೋಪಿ ಕಳಿಸುವುದಿಲ್ಲ. ಬೇಕಾದರೆ ಐತವಾರ ಬಂದು ತಗೊ. ಬರಲಿಲ್ಲವೋ, ಅದನ್ನು ನಾನೇ ಹಾಕಿಕೊಂಡು ಔರಾದದ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಿನ್ನ ಹೆಸರು ಹಿಡಿದು ಒದರುತ್ತೇನೆ. ನನ್ನ ದನಿ ನಿನಗೆ ಗೊತ್ತಿದೆ.

ನಿನ್ನ ದಾರಿ ನೋಡುವ,
ತಾಡಪತ್ರಿ ನಾರಾಯಣ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಬಾಬುಮಿಯಾನ ತಾಟಿನ ಮುಂದೆ ಎಲುಬಿನ ಗುಡ್ಡೆ ನೋಡಿ ನೀವಿಬ್ಬರು ಅವನನ್ನು ಹೊಟ್ಟೆಬಾಕ ಎಂದು ನಗುತ್ತೀರಲ್ಲ, ಅದರಲ್ಲಿ ಅರ್ಧ ನನ್ನವು. ಹಲ್ಲು ತೆಗೆಸಿ ಸೆಟ್ ಕೂಡಿಸಿದಂದಿನಿಂದ ಮಟನ್ ಕಡಿದರೆ ತಾಡಪತ್ರಿ ಕಡಿದಂತೆ ಆಗುತ್ತದೆ. ಹೋದ ಗಟಾರಿಗೂ, ಅದರ ಹಿಂದಿನದಕ್ಕೂ ನಾನು ರಸ್ಸಾದಲ್ಲಿ ರೊಟ್ಟಿ ನೆನೆಸಿ ನುಂಗಿದ್ದೇನೆ, ಅಷ್ಟೇ. ತುಂಡುಗಳನ್ನು ರೊಟ್ಟಿಯ ಕೆಳಗೆ ಮುಚ್ಚಿ ಅವನ ತಾಟಿಗೆ ಸರಿಸುತ್ತೇನೆ. ಅವನು ನಿಮ್ಮಿಂದ ಬೈಸಿಕೊಂಡು ತಿನ್ನುತ್ತಾನೆ. ನೀನು ಅಂಗಿಯೊಳಗೆ ಮುಚ್ಚಿಕೊಂಡಿದ್ದೆ, ನಾನು ರೊಟ್ಟಿಯ ಕೆಳಗೆ. ಐತವಾರ ಸಾರಂಗನಿಗೆ ಹೇಳು, ಬದನಿಕಾಯಿ ಮೆತ್ತಗೆ ಬೇಯಿಸಲಿ. ನೀನೇ ಹೇಳು. ನಾನು ಹೇಳಿದರೆ ಯಾಕೆ ಎಂದು ಕೇಳುತ್ತಾನೆ.