ನಾಯಿ ಹೇಳಿದ ಸಾಕ್ಷಿ

ಇನ್‌ಸ್ಪೆಕ್ಟರ್ ಸಾಹೇಬರಿಗೆ,

ಗಡಿಯಾರದಂಗಡಿಯಲ್ಲಿ ಕಳ್ಳತನವಾದಾಗ ನಿಮ್ಮ ಪೊಲೀಸ್ ನಾಯಿ ಬೀದಿಯವರೆಲ್ಲರ ಎದುರು ನನ್ನ ತಮ್ಮನ ಬಲಗೈ ಕಚ್ಚಿ ಹಿಡಿಯಿತು. ಕ್ಷೌರದಂಗಡಿಯಲ್ಲಿ ಕತ್ತರಿ ಹಿಡಿಯುವ ಕೈ ಅದು. "ನಮ್ಮ ನಾಯಿ ಸುಳ್ಳು ಹೇಳಲ್ಲಮ್ಮ" ಅಂತ ನೀವು ಅವನನ್ನು ಎಳೆದುಕೊಂಡು ಹೋದಿರಿ. ನಿಜವಾದ ಕಳ್ಳ ಸಿಕ್ಕ ಮೇಲೆ ಬಿಟ್ಟಿರಿ.

ಬೆರಳು ಮಡಚಲು ಬರುತ್ತಿಲ್ಲ, ಇದಕ್ಕೆ ಯಾರು ಹೊಣೆ ಅಂತ ಕೇಳಿದೆ. "ಮೂಕಪ್ರಾಣಿ ತಾಯಿ, ಅದಕ್ಕೇನು ಗೊತ್ತಾಗುತ್ತೆ? ಇಲಾಖೆ ಹೊಣೆಯಲ್ಲ" ಅಂದಿರಿ. ಹಿಡಿದಾಗ ಸಾಕ್ಷಿಯಾಗಿದ್ದದ್ದು ಕಚ್ಚಿದ್ದಕ್ಕೆ ಮೂಕಪ್ರಾಣಿಯಾಯಿತು. ಇರಲಿ, ಅದನ್ನು ಕೋರ್ಟಿನಲ್ಲಿ ಕೇಳುತ್ತೇನೆ.

ಈಗ ಒಂದೇ ಕೋರಿಕೆ. ನಮ್ಮ ಚಿಕ್ಕಮ್ಮನೇ ಇನ್ನೂ "ನಾಯಿ ಸುಮ್ಮಸುಮ್ಮನೆ ಹಿಡಿಯುತ್ತದೇನೇ?" ಅಂತಾಳೆ. ದಯವಿಟ್ಟು ಆ ನಾಯಿಯನ್ನು ಇನ್ನೊಮ್ಮೆ ಬೀದಿಗೆ ಕರೆತನ್ನಿ. ಎಲ್ಲರೆದುರು ತಮ್ಮನನ್ನು ಮೂಸಿ ಸುಮ್ಮನೆ ಮುಂದೆ ಹೋಗಲಿ. ಇಲ್ಲಿ ನಡೆಯುವುದು ಅದರ ಮಾತೊಂದೇ.

ಬಾಯಿ ಮಾತ್ರ ಕಟ್ಟಿರಲಿ. ಅವನಿಗಿನ್ನೂ ಭಯ.

ಇಂತಿ,
ಕ್ಷೌರದಂಗಡಿಯವನ ಅಕ್ಕ